ಪೇಟೆಂಟ್ ಮತ್ತು ಹಕ್ಕುಸ್ವಾಮ್ಯ: ಆವಿಷ್ಕಾರ ಮತ್ತು ಸೃಜನಶೀಲತೆಯ ಮೇಲಿನ ಪರಿಣಾಮ

ಆವಿಷ್ಕಾರ ಮಾಡಿದವರಿಗೆ ಮತ್ತು ಕೃತಿ ರಚಿಸಿದವರಿಗೆ, ತಮ್ಮ ಅನುಮತಿಯಿಲ್ಲದೆ ಇತರರು ಅವನ್ನು ಬಳಸದಂತೆ ಅಥವಾ ನಕಲಿಸದಂತೆ ತಡೆಯಲು ಗೊತ್ತಾದ ಅವಧಿಗೆ ಕಾನೂನು ನೀಡುವ ಹಕ್ಕುಗಳೇ ಪೇಟೆಂಟ್ ಮತ್ತು ಹಕ್ಕುಸ್ವಾಮ್ಯ. ಪೇಟೆಂಟ್ ಆವಿಷ್ಕಾರಕ್ಕೆ ಸಂಬಂಧಿಸಿದ್ದು. ಸರ್ಕಾರದ ಕಚೇರಿ ಅರ್ಜಿಯನ್ನು ಪರೀಕ್ಷಿಸಿ ಕೊಡುತ್ತದೆ. ಹಕ್ಕುಸ್ವಾಮ್ಯ ಸಾಹಿತ್ಯ, ಸಂಗೀತ, ನಾಟಕ, ಚಿತ್ರ, ಚಲನಚಿತ್ರ, ಕಂಪ್ಯೂಟರ್ ತಂತ್ರಾಂಶ ಮುಂತಾದ ಕೃತಿಗಳಿಗೆ ಸಂಬಂಧಿಸಿದ್ದು. ನೋಂದಣಿಯ ಅಗತ್ಯವಿಲ್ಲದೆ ಕೃತಿ ಹುಟ್ಟಿದ ಕ್ಷಣದಿಂದಲೇ ಬರುತ್ತದೆ. ಗ್ರಂಥಸ್ವಾಮ್ಯ, ಕೃತಿಸ್ವಾಮ್ಯ ಎಂಬ ಹೆಸರುಗಳೂ ಇದಕ್ಕೆ ಬಳಕೆಯಲ್ಲಿವೆ. ಈ ಲೇಖನದಲ್ಲಿ ಹಕ್ಕುಸ್ವಾಮ್ಯ ಎಂಬುದನ್ನೇ ಉಳಿಸಿಕೊಳ್ಳಲಾಗಿದೆ.

ಎರಡರ ಹಿಂದೆಯೂ ಒಂದೇ ತರ್ಕವಿದೆ. ಹೊಸ ಔಷಧಿಯನ್ನು ಹುಡುಕಲು ವರ್ಷಗಳು ಬೇಕು, ನಕಲು ಮಾಡಲು ವಾರಗಳು ಸಾಕು. ಕಾದಂಬರಿ ಬರೆಯಲು ಶ್ರಮ ಬೇಕು, ಅಚ್ಚು ಹಾಕಲು ಯಂತ್ರ ಸಾಕು. ನಕಲುದಾರರನ್ನು ಸ್ವಲ್ಪ ಕಾಲ ತಡೆಯದಿದ್ದರೆ ಹೊಸದಕ್ಕೆ ಹಣ ಹೂಡುವವರು ಇರುವುದಿಲ್ಲ ಎಂಬುದು ಈ ತರ್ಕ. ಪ್ರತಿವಾದವೂ ಅಷ್ಟೇ ಹಳೆಯದು: ಹೊಸದೆಲ್ಲ ಹಳೆಯದರ ಮೇಲೆಯೇ ನಿಲ್ಲುವುದರಿಂದ, ಹಳೆಯದಕ್ಕೆ ಬೇಲಿ ಹಾಕಿದರೆ ಮುಂದಿನ ಸೃಷ್ಟಿಗೇ ಅಡ್ಡಿಯಾಗುತ್ತದೆ. ಐದು ಶತಮಾನಗಳ ಅನುಭವ ಈ ಎರಡರಲ್ಲಿ ಒಂದನ್ನು ಗೆಲ್ಲಿಸಿಲ್ಲ. ಕ್ಷೇತ್ರ ಯಾವುದು, ಅವಧಿ ಎಷ್ಟು, ಹಕ್ಕಿನ ವ್ಯಾಪ್ತಿ ಎಷ್ಟು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ ಎಂಬುದನ್ನು ಮಾತ್ರ ಸ್ಪಷ್ಟಪಡಿಸಿದೆ.

ಹುಟ್ಟು ಮತ್ತು ಬೆಳವಣಿಗೆ

ಪೇಟೆಂಟಿನ ಮೊದಲ ವ್ಯವಸ್ಥಿತ ಕಾನೂನು 1474ರ ವೆನಿಸ್ ಗಣರಾಜ್ಯದ್ದು. ಹೊಸ ಯಂತ್ರ ನಿರ್ಮಿಸಿ ಸರ್ಕಾರಕ್ಕೆ ತಿಳಿಸಿದವರಿಗೆ ಅದು ಹತ್ತು ವರ್ಷಗಳ ರಕ್ಷಣೆ ಕೊಡುತ್ತಿತ್ತು. ಇಂಗ್ಲೆಂಡಿನಲ್ಲಿ ದೊರೆಗಳು ಉಪ್ಪು, ಇಸ್ಪೀಟೆಲೆಗಳಂಥ ನಿತ್ಯಬಳಕೆಯ ಸರಕುಗಳಿಗೂ ಏಕಸ್ವಾಮ್ಯ ಹಂಚುತ್ತಿದ್ದ ಪದ್ಧತಿಯನ್ನು 1624ರ ಏಕಸ್ವಾಮ್ಯ ಶಾಸನ ರದ್ದು ಮಾಡಿತು. ಹೊಸ ಆವಿಷ್ಕಾರಗಳಿಗೆ ಮಾತ್ರ 14 ವರ್ಷಗಳ ವಿನಾಯಿತಿ ಉಳಿಸಿತು. ಹೀಗೆ ಪೇಟೆಂಟ್ ಕಾನೂನು ಏಕಸ್ವಾಮ್ಯದ ವಿರುದ್ಧ ಹುಟ್ಟಿದ ಶಾಸನವೊಂದರಲ್ಲಿ ಅಪವಾದವಾಗಿ ಉಳಿದು ಬಂದದ್ದು. ಇಂದಿನ ಚರ್ಚೆಯಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ.

ಹಕ್ಕುಸ್ವಾಮ್ಯದ ಮೊದಲ ಕಾನೂನು 1710ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ, ರಾಣಿ ಆನ್ ಹೆಸರಿನ ಶಾಸನ. ಲಂಡನ್ನಿನ ಪ್ರಕಾಶಕರ ಕೂಟದ ಹಿಡಿತದಲ್ಲಿದ್ದ ಹಕ್ಕನ್ನು ಅದು ಲೇಖಕರಿಗೆ ಕೊಟ್ಟಿತು. ಅವಧಿ 14 ವರ್ಷ. ಲೇಖಕರು ಬದುಕಿದ್ದರೆ ಇನ್ನೂ 14 ವರ್ಷ. ಅವಧಿ ಮುಗಿದ ಮೇಲೂ ತಮ್ಮ ಹಕ್ಕು ಶಾಶ್ವತ ಎಂದು ಪ್ರಕಾಶಕರು ಹೂಡಿದ ವಾದವನ್ನು 1774ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಳ್ಳಿಹಾಕಿತು. ಕೈಗಾರಿಕಾ ಆಸ್ತಿಯ ಕುರಿತ 1883ರ ಪ್ಯಾರಿಸ್ ಒಪ್ಪಂದ ಮತ್ತು ಕೃತಿಗಳ ಕುರಿತ 1886ರ ಬರ್ನ್ ಒಪ್ಪಂದಗಳು ಈ ಹಕ್ಕುಗಳನ್ನು ದೇಶಗಳ ಗಡಿ ದಾಟಿಸಿದವು.

ಬೆಳವಣಿಗೆ ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ. ಮುಕ್ತ ವ್ಯಾಪಾರದ ಪ್ರತಿಪಾದಕರ ಒತ್ತಡದಿಂದ ನೆದರ್ಲೆಂಡ್ಸ್ 1869ರಲ್ಲಿ ಪೇಟೆಂಟ್ ಕಾನೂನನ್ನೇ ಕೈಬಿಟ್ಟು 1912ರಲ್ಲಿ ಮರಳಿ ತಂದಿತು. ಸ್ವಿಟ್ಜರ್ಲೆಂಡಿನಲ್ಲಿ 1888ರವರೆಗೆ ಸಮಗ್ರ ಪೇಟೆಂಟ್ ಕಾನೂನು ಇರಲಿಲ್ಲ. ರಾಸಾಯನಿಕ ವಿಧಾನಗಳು ಅದರ ವ್ಯಾಪ್ತಿಗೆ ಬಂದದ್ದು 1907ರಲ್ಲಿ. ಬಾಸೆಲ್ ನಗರದ ಬಣ್ಣ ಮತ್ತು ಔಷಧ ಕಂಪನಿಗಳು ಬೇರೂರಿದ್ದು ಆ ಮುಕ್ತ ಅವಧಿಯಲ್ಲೇ.

ಭಾರತದ ಮೊದಲ ಪೇಟೆಂಟ್ ಕಾನೂನು 1856ರದ್ದು. ಅದರಡಿ ಮೊದಲ ಅರ್ಜಿ ಸಲ್ಲಿಸಿದವರು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. ಆವಿಷ್ಕಾರ, ಪಂಖ ಎಳೆಯುವ ಯಂತ್ರ. 1911ರ ಕಾಯಿದೆ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ಅದರ ಜಾಗಕ್ಕೆ ಬಂದ 1970ರ ಪೇಟೆಂಟ್ ಕಾಯಿದೆ 1972ರ ಏಪ್ರಿಲ್ 20ರಂದು ಜಾರಿಯಾಯಿತು. ಹಕ್ಕುಸ್ವಾಮ್ಯಕ್ಕೆ ಸಂಬಂಧಿಸಿ 1914ರ ಕಾಯಿದೆಯ ಬದಲಿಗೆ 1957ರ ಕಾಯಿದೆ ಬಂದು, 1958ರ ಜನವರಿ 21ರಿಂದ ಜಾರಿಯಲ್ಲಿದೆ.

ರಚನೆ

ಪೇಟೆಂಟ್ ಪಡೆಯಲು ಆವಿಷ್ಕಾರ ಹೊಸದಾಗಿರಬೇಕು, ಆ ಕಸುಬು ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ಅರ್ಜಿದಾರರು ಆವಿಷ್ಕಾರದ ಪೂರ್ಣ ವಿವರಣೆ ಕೊಡಬೇಕು. ಸಾಮಾನ್ಯವಾಗಿ 18 ತಿಂಗಳ ನಂತರ ಅದು ಪ್ರಕಟವಾಗುತ್ತದೆ. ಈ ಬಹಿರಂಗವೇ ಸಮಾಜಕ್ಕೆ ಸಲ್ಲುವ ಬೆಲೆ: ಗುಟ್ಟಾಗಿ ಉಳಿಯಬಹುದಾಗಿದ್ದ ತಿಳಿವಳಿಕೆ ದಾಖಲೆಗೆ ಬಂದು, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳ ಬಳಿಕ ಯಾರು ಬೇಕಾದರೂ ಬಳಸಬಹುದಾಗುತ್ತದೆ. ಭಾರತದಲ್ಲಿ ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು.

ಹಕ್ಕುಸ್ವಾಮ್ಯ ರಕ್ಷಿಸುವುದು ಅಭಿವ್ಯಕ್ತಿಯನ್ನು; ಕಲ್ಪನೆಯನ್ನಾಗಲಿ ಕಥಾವಸ್ತುವನ್ನಾಗಲಿ ಅಲ್ಲ. ಭಾರತದ ಸುಪ್ರೀಂ ಕೋರ್ಟ್ 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಈ ಭೇದವನ್ನು ಖಚಿತಪಡಿಸಿತು. ಲೇಖಕರ ಕೃತಿಗಳಿಗೆ ಭಾರತದಲ್ಲಿ ಜೀವಿತಾವಧಿ ಹಾಗೂ ನಿಧನದ ನಂತರದ 60 ವರ್ಷ ರಕ್ಷಣೆಯಿದೆ. ಬರ್ನ್ ಒಪ್ಪಂದ ಬಯಸುವುದು ಕನಿಷ್ಠ 50 ವರ್ಷ. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುತ್ತಿದ್ದ ಹಿನ್ನೆಲೆಯಲ್ಲಿ ಭಾರತ ಹತ್ತು ವರ್ಷ ಸೇರಿಸಿತು. ಒಬ್ಬ ಕವಿಯ ನೆವದಲ್ಲಿ ಬಂದ ಈ ತಿದ್ದುಪಡಿ ಎಲ್ಲ ಲೇಖಕರಿಗೂ ಅನ್ವಯವಾಯಿತು.

ಪ್ರಭೇದಗಳು

ಪೇಟೆಂಟಿನಲ್ಲಿ ಎರಡು ಮುಖ್ಯ ಬಗೆ. ಉತ್ಪನ್ನ ಪೇಟೆಂಟ್ ವಸ್ತುವಿಗೇ ಹಕ್ಕು ಕೊಡುತ್ತದೆ. ಬೇರೆ ದಾರಿಯಲ್ಲಿ ತಯಾರಿಸಿದರೂ ಉಲ್ಲಂಘನೆಯೇ. ವಿಧಾನ ಪೇಟೆಂಟ್ ತಯಾರಿಸುವ ಕ್ರಮಕ್ಕೆ ಮಾತ್ರ. ಹೊಸ ಕ್ರಮ ಕಂಡುಕೊಂಡವರು ಅದೇ ವಸ್ತುವನ್ನು ಮಾಡಬಹುದು. ಭಾರತದ ಔಷಧ ಉದ್ಯಮದ ಚರಿತ್ರೆಗೆ ಈ ಭೇದವೇ ಕೀಲಿ.

ಹಕ್ಕುಸ್ವಾಮ್ಯದಲ್ಲಿ ನಕಲು, ಮಾರಾಟ, ಅನುವಾದ, ರೂಪಾಂತರಗಳಿಗೆ ಸಂಬಂಧಿಸಿದ ಆರ್ಥಿಕ ಹಕ್ಕುಗಳೂ, ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಾಗೂ ಕರ್ತೃವೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕುಗಳೂ ಇವೆ. ಗಾಯಕರು, ನಟರು ಮುಂತಾದ ಪ್ರದರ್ಶಕರಿಗೆ 50 ವರ್ಷಗಳ ಪ್ರತ್ಯೇಕ ಹಕ್ಕಿದೆ.

ಆವಿಷ್ಕಾರದ ಮೇಲಿನ ಪರಿಣಾಮ

ಹೆಚ್ಚು ಚರ್ಚೆಗೊಳಗಾದ ಉದಾಹರಣೆ ಜೇಮ್ಸ್ ವಾಟ್‌ನದು. ಉಗಿಯಂತ್ರಕ್ಕೆ ಪ್ರತ್ಯೇಕ ಕಂಡೆನ್ಸರ್ ಅಳವಡಿಸಿದ್ದಕ್ಕೆ ಅವನು 1769ರಲ್ಲಿ ಪೇಟೆಂಟ್ ಪಡೆದ. ಬ್ರಿಟಿಷ್ ಸಂಸತ್ತು 1775ರಲ್ಲಿ ಅದನ್ನು 1800ರವರೆಗೆ ವಿಸ್ತರಿಸಿತು. ಈ ವಿಸ್ತರಣೆಯಿಲ್ಲದೆ ಪಾಲುದಾರ ಮ್ಯಾಥ್ಯೂ ಬೌಲ್ಟನ್ ಹಣ ಹೂಡುತ್ತಿರಲಿಲ್ಲ, ಯಂತ್ರ ಕಾರ್ಖಾನೆಯನ್ನೇ ಕಾಣುತ್ತಿರಲಿಲ್ಲ ಎನ್ನುವವರಿದ್ದಾರೆ. ಆದರೆ ಜೊನಾಥನ್ ಹಾರ್ನ್‌ಬ್ಲೋವರ್‌ನ ಸುಧಾರಿತ ಯಂತ್ರಕ್ಕೆ ಇದೇ ಪೇಟೆಂಟ್ ಅಡ್ಡಿಯಾಯಿತು. ರಿಚರ್ಡ್ ಟ್ರೆವಿಥಿಕ್‌ನ ಅಧಿಕ ಒತ್ತಡದ ಯಂತ್ರಗಳು ರೂಪುಗೊಂಡು ಹರಡಿದ್ದು 1800ರ ನಂತರ. ವಾಟ್‌ಗೂ ಇತರರ ಪೇಟೆಂಟಿನ ಬಿಸಿ ತಟ್ಟಿತ್ತು: ಚಕ್ರ ತಿರುಗಿಸಲು ಬೇಕಾದ ಕ್ರ್ಯಾಂಕ್ ಬಳಕೆಗೆ ಜೇಮ್ಸ್ ಪಿಕಾರ್ಡ್ 1780ರಲ್ಲಿ ಪೇಟೆಂಟ್ ಪಡೆದಿದ್ದರಿಂದ, ವಾಟ್ ಹಲ್ಲುಚಕ್ರಗಳ ಬೇರೊಂದು ಜೋಡಣೆಯನ್ನು ರೂಪಿಸಬೇಕಾಯಿತು. ವಾಟ್‌ನ ಪೇಟೆಂಟ್ ಅವಧಿ ಮುಗಿದ ಮೇಲೆ ಕಾರ್ನ್‌ವಾಲ್ ಪ್ರಾಂತದ ಗಣಿ ಎಂಜಿನಿಯರುಗಳು 1811ರಿಂದ ತಮ್ಮ ಯಂತ್ರಗಳ ಕಾರ್ಯಕ್ಷಮತೆಯನ್ನು ಮಾಸಿಕ ವರದಿಯೊಂದರಲ್ಲಿ ಬಹಿರಂಗವಾಗಿ ಪ್ರಕಟಿಸತೊಡಗಿದರು. ಒಬ್ಬರ ಸುಧಾರಣೆಯನ್ನು ಇನ್ನೊಬ್ಬರು ಮುಂದುವರಿಸಿದ ಆ ದಶಕಗಳಲ್ಲಿ ಯಂತ್ರಗಳ ಇಂಧನ ದಕ್ಷತೆ ಬಹಳ ಹೆಚ್ಚಿತು.

ಅಮೆರಿಕದಲ್ಲಿ ರೈಟ್ ಸಹೋದರರು ವಿಮಾನ ನಿಯಂತ್ರಣಕ್ಕೆ 1906ರಲ್ಲಿ ಪಡೆದ ಪೇಟೆಂಟ್ ಗ್ಲೆನ್ ಕರ್ಟಿಸ್ ವಿರುದ್ಧ ವರ್ಷಗಟ್ಟಲೆ ನಡೆದ ವ್ಯಾಜ್ಯಕ್ಕೆ ದಾರಿಯಾಯಿತು. ದೇಶ ಮೊದಲ ಮಹಾಯುದ್ಧಕ್ಕೆ ಇಳಿದ 1917ರಲ್ಲಿ, ಸರ್ಕಾರದ ಒತ್ತಾಸೆಯಿಂದ ತಯಾರಕರು ಪೇಟೆಂಟುಗಳನ್ನು ಒಂದೆಡೆ ಸೇರಿಸಿ ಹಂಚಿಕೊಂಡರು. ಹೊಲಿಗೆ ಯಂತ್ರದ ತಯಾರಕರು 1856ರಲ್ಲೇ ಇಂಥ ಒಕ್ಕೂಟ ರಚಿಸಿಕೊಂಡಿದ್ದರು. ಒಂದು ವಸ್ತುವಿನಲ್ಲಿ ಹಲವರ ಹಕ್ಕು ಸೇರಿಕೊಂಡಾಗ ಯಾರೂ ಅದನ್ನು ತಯಾರಿಸಲಾಗದ ಸ್ಥಿತಿ ಬರುತ್ತದೆ ಎಂಬುದನ್ನು ಕಾನೂನು ವಿದ್ವಾಂಸರಾದ ಮೈಕೆಲ್ ಹೆಲ್ಲರ್ ಮತ್ತು ರೆಬೆಕಾ ಐಸೆನ್‌ಬರ್ಗ್ 1998ರಲ್ಲಿ ಜೈವಿಕ ಸಂಶೋಧನೆಯ ಸಂದರ್ಭದಲ್ಲಿ ವಿವರಿಸಿದರು.

ಆರ್ಥಿಕ ಚರಿತ್ರಕಾರ್ತಿ ಪೆಟ್ರಾ ಮೋಸರ್ 1851ರ ಲಂಡನ್ ಮಹಾಪ್ರದರ್ಶನದ ದಾಖಲೆಗಳನ್ನು ಅಧ್ಯಯನ ಮಾಡಿದ್ದಾರೆ. ಪೇಟೆಂಟ್ ಕಾನೂನಿಲ್ಲದ ದೇಶಗಳಲ್ಲೂ ಆವಿಷ್ಕಾರಗಳಿಗೆ ಕೊರತೆಯಿರಲಿಲ್ಲ. ಆದರೆ ಅಲ್ಲಿನವರು ಗುಟ್ಟಾಗಿ ಕಾಪಾಡಬಹುದಾದ ಕ್ಷೇತ್ರಗಳತ್ತ, ವೈಜ್ಞಾನಿಕ ಉಪಕರಣ ಮತ್ತು ಆಹಾರ ಸಂಸ್ಕರಣೆಯಂಥವುಗಳತ್ತ ಹೆಚ್ಚು ವಾಲಿದ್ದರು. ಪೇಟೆಂಟ್ ಆವಿಷ್ಕಾರದ ಪ್ರಮಾಣಕ್ಕಿಂತ ಅದರ ದಿಕ್ಕನ್ನು ಪ್ರಭಾವಿಸುತ್ತದೆ ಎಂಬ ಈ ತೀರ್ಮಾನ ಹಳೆಯ ವಾದವಿವಾದಕ್ಕೆ ಹೊಸ ನೆಲೆ ಕೊಟ್ಟಿತು. ಅಮೆರಿಕದ ಸೆನೆಟ್‌ಗಾಗಿ 1958ರಲ್ಲಿ ವರದಿ ಬರೆದ ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮಾಕ್ಲಪ್ ಅವರದೂ ಎಚ್ಚರದ ನಿಲುವು: ಈ ವ್ಯವಸ್ಥೆ ಇಲ್ಲದಿದ್ದರೆ, ಗೊತ್ತಿರುವಷ್ಟರಿಂದ ಅದನ್ನು ತನ್ನಿ ಎನ್ನಲಾಗದು, ಬಹುಕಾಲದಿಂದ ಇರುವುದರಿಂದ ತೆಗೆದುಹಾಕಿ ಎನ್ನಲೂ ಆಗದು.

ಔಷಧಿ ಮತ್ತು ಭಾರತದ ಅನುಭವ

ಪೇಟೆಂಟ್ ಅತ್ಯಂತ ಅಗತ್ಯವೆಂದು ಒಪ್ಪಲಾಗುವ ಕ್ಷೇತ್ರ ಔಷಧಿಯದು. ರೋಗಿಗಳ ಮೇಲಿನ ಪ್ರಯೋಗಗಳಿಗೆ ಅಪಾರ ವೆಚ್ಚವಾಗುತ್ತದೆ. ಗುಳಿಗೆಯನ್ನು ನಕಲಿಸುವುದು ಸುಲಭ. ಬೆಲೆ ಏರಿದಾಗ ಜೀವಗಳು ಹೋಗುವುದೂ ಇದೇ ಕ್ಷೇತ್ರದಲ್ಲಿ.

1911ರ ಕಾಯಿದೆಯಡಿ ಔಷಧಿಗಳಿಗೂ ಪೇಟೆಂಟ್ ಸಿಗುತ್ತಿತ್ತು. ಬಡ ದೇಶವಾಗಿದ್ದೂ ಭಾರತದ ಔಷಧ ಬೆಲೆಗಳು ಪ್ರಪಂಚದ ಅತಿ ಹೆಚ್ಚಿನವುಗಳ ಸಾಲಿನಲ್ಲಿವೆ ಎಂದು ಅಮೆರಿಕದ ಸೆನೆಟಿನ ಕೆಫಾವರ್ ಸಮಿತಿ ಗಮನಿಸಿತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ರೂಪುಗೊಂಡ 1970ರ ಕಾಯಿದೆ, ಆಹಾರ ಮತ್ತು ಔಷಧಿಗಳಿಗೆ ಉತ್ಪನ್ನ ಪೇಟೆಂಟನ್ನು ನಿಲ್ಲಿಸಿತು. ವಿಧಾನ ಪೇಟೆಂಟಿಗೂ ಹೆಚ್ಚೆಂದರೆ ಏಳು ವರ್ಷ. ಇದು ಭಾರತ ಮಾತ್ರ ಹಿಡಿದ ದಾರಿಯಲ್ಲ: ಔಷಧಿಗೆ ಉತ್ಪನ್ನ ಪೇಟೆಂಟನ್ನು ಪಶ್ಚಿಮ ಜರ್ಮನಿ 1968ರಲ್ಲಿ, ಜಪಾನ್ 1976ರಲ್ಲಿ, ಸ್ವಿಟ್ಜರ್ಲೆಂಡ್ 1977ರಲ್ಲಿ, ಇಟಲಿ 1978ರಲ್ಲಿ ಒಪ್ಪಿಕೊಂಡವು. ತಮ್ಮ ಉದ್ಯಮ ಬೆಳೆದ ಮೇಲೆಯೇ ಆ ದೇಶಗಳು ಬೇಲಿ ಹಾಕಿಕೊಂಡವು.

ಭಾರತದ ರಸಾಯನಶಾಸ್ತ್ರಜ್ಞರು ತಿಳಿದ ಔಷಧಿಗಳಿಗೆ ಹೊಸ ತಯಾರಿಕಾ ಕ್ರಮಗಳನ್ನು ಕಂಡುಹಿಡಿಯುವುದರಲ್ಲಿ ಪಳಗಿದರು. ಸಿಪ್ಲಾ, ರ‍್ಯಾನ್‌ಬ್ಯಾಕ್ಸಿ, ಡಾ. ರೆಡ್ಡೀಸ್ ಕಂಪನಿಗಳು ಬೆಳೆದದ್ದು ಹೀಗೆ. ಏಡ್ಸ್ ರೋಗಿಯೊಬ್ಬರ ವರ್ಷದ ಚಿಕಿತ್ಸೆಗೆ 10,000 ಡಾಲರಿಗೂ ಹೆಚ್ಚು ಬೇಕಾಗಿದ್ದ 2001ರಲ್ಲಿ, ಯೂಸುಫ್ ಹಮೀದ್ ನೇತೃತ್ವದ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡಲು ಮುಂದಾಯಿತು. ಆಫ್ರಿಕದ ಲಕ್ಷಾಂತರ ಜನರಿಗೆ ಚಿಕಿತ್ಸೆ ಎಟುಕಿದ್ದರಲ್ಲಿ 1970ರ ಕಾಯಿದೆಯ ಪಾಲು ದೊಡ್ಡದು. ಹೊಸ ಔಷಧಿಯ ಶೋಧದಲ್ಲಿ ಮಾತ್ರ ಉದ್ಯಮ ಹಿಂದುಳಿಯಿತು. ಭಾರತೀಯ ಕಂಪನಿಯೊಂದು ಆರಂಭದಿಂದ ಮಾರುಕಟ್ಟೆಯವರೆಗೆ ತಾನೇ ರೂಪಿಸಿದ ಮೊದಲ ಹೊಸ ರಾಸಾಯನಿಕ ಔಷಧಿ, ಝೈಡಸ್‌ನ ಸಾರೋಗ್ಲಿಟಜರ್, ಬಂದದ್ದು 2013ರಲ್ಲಿ.

ಬೌದ್ಧಿಕ ಆಸ್ತಿಯ ಕುರಿತ ವಿಶ್ವ ವ್ಯಾಪಾರ ಸಂಘಟನೆಯ ಟ್ರಿಪ್ಸ್ ಒಪ್ಪಂದದಂತೆ ಭಾರತ 2005ರ ಜನವರಿ 1ರಿಂದ ಔಷಧಿಗಳಿಗೆ 20 ವರ್ಷಗಳ ಉತ್ಪನ್ನ ಪೇಟೆಂಟ್ ಕೊಡತೊಡಗಿತು. ಜೊತೆಗೆ 3(ಡಿ) ಕಲಮನ್ನೂ ಗಟ್ಟಿಗೊಳಿಸಿತು: ತಿಳಿದ ಪದಾರ್ಥದ ಹೊಸ ರೂಪ ಹೆಚ್ಚಿನ ಪರಿಣಾಮ ತೋರದಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ರಕ್ತದ ಕ್ಯಾನ್ಸರಿನ ಔಷಧಿ ಗ್ಲಿವೆಕ್‌ನ ಹರಳು ರೂಪಕ್ಕೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಇದೇ ಕಲಮಿನಡಿ ನಿರಾಕರಿಸಿತು. ನೊವಾರ್ಟಿಸ್‌ನ ಮೂಲ ಸಂಸ್ಥೆಗಳು ಮೇಲೆ ಹೇಳಿದ ಬಾಸೆಲ್‌ನ ಕಂಪನಿಗಳೇ.

ಪೇಟೆಂಟ್ ಇದ್ದರೂ ಸಾರ್ವಜನಿಕ ಅಗತ್ಯಕ್ಕಾಗಿ ಬೇರೆಯವರಿಗೆ ತಯಾರಿಸಲು ಅವಕಾಶ ಕೊಡುವುದು ಕಡ್ಡಾಯ ಪರವಾನಗಿ. ಭಾರತ ಇದನ್ನು ಮೊದಲು ಕೊಟ್ಟದ್ದು 2012ರ ಮಾರ್ಚ್‌ನಲ್ಲಿ, ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಿಗೆ. ತಿಂಗಳಿಗೆ ಸುಮಾರು ₹2.8 ಲಕ್ಷ ಇದ್ದ ಔಷಧಿಯನ್ನು ಭಾರತದ ನ್ಯಾಟ್ಕೊ ಕಂಪನಿ ₹8,800ಕ್ಕೆ ಮಾರಬೇಕು, ಬೇಯರ್‌ಗೆ ಶೇ 6 ರಾಯಧನ ಕೊಡಬೇಕು ಎಂದು ಆದೇಶವಾಯಿತು. ರಾಯಧನ ಮುಂದೆ ಶೇ 7 ಆಯಿತು. ಕ್ಷಯರೋಗದ ಬೆಡಾಕ್ವಿಲಿನ್ ಔಷಧಿಯ ಪೇಟೆಂಟ್ ಕಾಲವನ್ನು ಹಿಗ್ಗಿಸಬಹುದಾಗಿದ್ದ ಅರ್ಜಿ 2023ರ ಮಾರ್ಚ್‌ನಲ್ಲಿ ತಿರಸ್ಕೃತವಾದದ್ದು, ಕ್ಷಯದಿಂದ ಗುಣಮುಖರಾದ ಇಬ್ಬರು ಮಹಿಳೆಯರ ಆಕ್ಷೇಪದ ಮೇಲೆ.

ಕೃತಿರಚನೆಯ ಮೇಲಿನ ಪರಿಣಾಮ

ಹಕ್ಕುಸ್ವಾಮ್ಯ ಸೃಷ್ಟಿಗೆ ನೆರವಾಗುತ್ತದೆ ಎಂಬುದಕ್ಕೆ ಬಲವಾದ ಸಾಕ್ಷ್ಯ ಇಟಲಿಯ ಆಪೆರಾದ್ದು. ನೆಪೋಲಿಯನ್‌ನ ವಿಜಯದ ಫಲವಾಗಿ ಲೊಂಬಾರ್ಡಿ ಮತ್ತು ವೆನೇಶಿಯ ಪ್ರಾಂತಗಳಲ್ಲಿ 1801ರಲ್ಲಿ ಹಕ್ಕುಸ್ವಾಮ್ಯ ಜಾರಿಯಾಯಿತು. ನೆರೆಯ ರಾಜ್ಯಗಳಲ್ಲಿ ಇರಲಿಲ್ಲ. ಕಾನೂನಿದ್ದ ಪ್ರಾಂತಗಳಲ್ಲಿ ಹೊಸ ಆಪೆರಾಗಳ ಸಂಖ್ಯೆಯೂ ಅವುಗಳ ಬಾಳಿಕೆಯೂ ಹೆಚ್ಚಿದವು ಎಂದು ಮಿಕೇಲಾ ಜಾರ್ಚೆಲ್ಲಿ ಮತ್ತು ಪೆಟ್ರಾ ಮೋಸರ್ ತೋರಿಸಿದ್ದಾರೆ. ರಚನಕಾರರ ಜೀವಿತದ ಆಚೆಗೆ ಅವಧಿ ಹಿಗ್ಗಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ. ಅವಧಿ ವಿಸ್ತರಣೆಯನ್ನು ಓದುಗರ ಮೇಲೆ ಹೇರುವ ತೆರಿಗೆಯೆಂದು ಮೆಕಾಲೆ 1841ರಲ್ಲೇ ಬ್ರಿಟಿಷ್ ಸಂಸತ್ತಿನಲ್ಲಿ ವಾದಿಸಿದ್ದ. ಆದರೂ ಅಮೆರಿಕ 1998ರಲ್ಲಿ ಇನ್ನೂ 20 ವರ್ಷ ಸೇರಿಸಿತು.

ಕನ್ನಡದಲ್ಲಿ ಈ ಅವಧಿಯ ಅರ್ಥ ಸುಲಭವಾಗಿ ಕಾಣುತ್ತದೆ. 1946ರಲ್ಲಿ ನಿಧನರಾದ ಬಿ. ಎಂ. ಶ್ರೀಕಂಠಯ್ಯ ಮತ್ತು ಟಿ. ಪಿ. ಕೈಲಾಸಂ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2007ರಿಂದ ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಆಡಬಹುದು. ಡಿ.ವಿ.ಜಿ. ಕೃತಿಗಳಿಗೆ 2035ರ ಕೊನೆಯವರೆಗೆ, ಬೇಂದ್ರೆಯವರವಕ್ಕೆ 2041, ಮಾಸ್ತಿಯವರವಕ್ಕೆ 2046, ಕುವೆಂಪು ಅವರವಕ್ಕೆ 2054ರವರೆಗೆ ಹಕ್ಕುಸ್ವಾಮ್ಯವಿರುತ್ತದೆ. ಮರುಮುದ್ರಣ ಕಾಣುವ ದೊಡ್ಡ ಲೇಖಕರಿಗೆ ಇದರಿಂದ ತೊಂದರೆ ಕಡಿಮೆ. ವಾರಸುದಾರರು ಯಾರೆಂದೇ ತಿಳಿಯದ, ಒಂದೇ ಮುದ್ರಣ ಕಂಡು ಮರೆಯಾದ ಪುಸ್ತಕಗಳಿಗೆ ಇದು ನಿಜವಾದ ಹಾನಿ: ಅನುಮತಿ ಕೊಡುವವರಿಲ್ಲ, ಅನುಮತಿಯಿಲ್ಲದೆ ಅಚ್ಚು ಹಾಕುವಂತಿಲ್ಲ.

ಪರಂಪರೆಯ ಕಲೆಯಲ್ಲಿ ಒಬ್ಬರ ಸೃಷ್ಟಿಯನ್ನು ಬೇರ್ಪಡಿಸುವ ಪ್ರಶ್ನೆ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಆಧರಿಸಿ ಬ್ಯಾಲೆ ಪ್ರಯೋಗಗಳನ್ನು ರೂಪಿಸಿದ್ದರು. ಅವರ ನಿಧನಾನಂತರ 2001ರಲ್ಲಿ ದೆಹಲಿಯಲ್ಲಿ ಮಣಿಪಾಲದ ಸಂಸ್ಥೆಯೊಂದು ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿದಾಗ, ಉಯಿಲಿನ ಮೂಲಕ ಹಕ್ಕು ಪಡೆದವರು ದಾವೆ ಹೂಡಿದರು. ಕಾರಂತರು ರೂಪಿಸಿದ ಪ್ರಯೋಗಗಳಿಗೆ ಹಕ್ಕುಸ್ವಾಮ್ಯವಿದೆ ಎಂದು 2009ರ ತೀರ್ಪು ಎತ್ತಿಹಿಡಿಯಿತು. ಕಾಯಿದೆಯಲ್ಲಿ ಹೇಳಿರುವ, ಶಿಕ್ಷಣ ಸಂಸ್ಥೆಗಳ ಹಾಗೂ ಹಣ ಪಡೆಯದ ಪ್ರದರ್ಶನಗಳ ವಿನಾಯಿತಿ ಉಳಿಯುತ್ತದೆ ಎಂದೂ ಸ್ಪಷ್ಟಪಡಿಸಿತು. ಯಕ್ಷಗಾನ ಯಾರೊಬ್ಬರ ಸ್ವತ್ತೂ ಆಗಲಿಲ್ಲ.

ಮಲೆಮಹದೇಶ್ವರ ಕಾವ್ಯ ಹಾಡುವ ಕಂಸಾಳೆಯವರಿಗೂ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೂ ಈ ಕಾನೂನು ಹೆಚ್ಚೇನೂ ಕೊಡುವುದಿಲ್ಲ. ಕರ್ತೃ ಗೊತ್ತಿಲ್ಲದ, ತಲೆಮಾರುಗಳಿಂದ ಬಂದ ಕಾವ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಸಂಗ್ರಹಿಸಿ ಸಂಪಾದಿಸಿದವರ ಪುಸ್ತಕಕ್ಕೆ ಇದೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದ್ದರೂ ಅದು ಅವರವರ ಪ್ರದರ್ಶನಕ್ಕೆ ಸೀಮಿತ. ಒಬ್ಬ ಕರ್ತೃವನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದು.

ವೈದ್ಯ ಮತ್ತು ಕೃಷಿ ಜ್ಞಾನದಲ್ಲೂ ಇದೇ ಸಮಸ್ಯೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್, ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಹಳೆಯ ಗ್ರಂಥಗಳ ಆಧಾರ ಒದಗಿಸಿದ ಮೇಲೆ 1997ರಲ್ಲಿ ರದ್ದಾಯಿತು. ಬೇವಿನಿಂದ ಶಿಲೀಂಧ್ರನಾಶಕ ತಯಾರಿಸುವ ಯುರೋಪಿನ ಪೇಟೆಂಟ್ 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪು ನಿಂತಿತು. ಇಂಥ ಅರ್ಜಿಗಳನ್ನು ತಡೆಯಲು ಭಾರತ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು ಕಟ್ಟಿದೆ.

ವಿನಾಯಿತಿ ಮತ್ತು ಪರ್ಯಾಯಗಳು

ಅಧ್ಯಯನ, ವಿಮರ್ಶೆ, ಬೋಧನೆಗಳಿಗೆ ಹಕ್ಕುಸ್ವಾಮ್ಯ ಕಾಯಿದೆ ವಿನಾಯಿತಿ ಕೊಡುತ್ತದೆ. ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದನ್ನು ದೆಹಲಿ ಹೈಕೋರ್ಟ್ 2016ರಲ್ಲಿ ಈ ನೆಲೆಯಲ್ಲೇ ಪರಿಗಣಿಸಿತು. 2012ರ ತಿದ್ದುಪಡಿ ಅಂಧರಿಗೆ ಓದಲಾಗುವ ರೂಪಕ್ಕೆ ಪುಸ್ತಕ ಪರಿವರ್ತಿಸಲು ಅವಕಾಶ ಕೊಟ್ಟಿತು. ಹಾಡು ಬರೆದವರಿಗೂ ಸಂಗೀತ ಸಂಯೋಜಿಸಿದವರಿಗೂ ರಾಯಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿಸಿತು. ಹಕ್ಕುಸ್ವಾಮ್ಯ ಪ್ರಕಾಶಕ, ನಿರ್ಮಾಪಕರಿಗಿಂತ ಸೃಷ್ಟಿಸಿದವರನ್ನೇ ತಲುಪುವಂತೆ ಮಾಡಿದ ಅಪರೂಪದ ತಿದ್ದುಪಡಿ ಇದು.

ಹಕ್ಕನ್ನು ಇಟ್ಟುಕೊಂಡೇ ಎಲ್ಲರಿಗೂ ಬಳಕೆಗೆ ಬಿಡುವ ಪರವಾನಗಿಗಳೂ ಇವೆ. ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳು ನಿಂತಿರುವುದು ಇವುಗಳ ಮೇಲೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ, ನಿರಂಜನರ ಕುಟುಂಬ ಅವರ ಕೃತಿಗಳನ್ನೂ ಬಿಡುಗಡೆ ಮಾಡಿದವು. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟಿದ್ದರು.

ಸದ್ಯದ ಸ್ಥಿತಿ

2022ರಲ್ಲಿ ಜಗತ್ತಿನಾದ್ಯಂತ ಸುಮಾರು 34.6 ಲಕ್ಷ ಪೇಟೆಂಟ್ ಅರ್ಜಿಗಳು ಸಲ್ಲಿಕೆಯಾದವು. ಹೆಚ್ಚುಕಡಿಮೆ ಅರ್ಧ ಚೀನಾದಲ್ಲಿ. ಭಾರತದಲ್ಲಿ 2023-24ರಲ್ಲಿ 92,000ಕ್ಕೂ ಹೆಚ್ಚು ಅರ್ಜಿ ಬಂದು, ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಮಂಜೂರಾದವು. ಅರ್ಜಿಗಳ ಸಂಖ್ಯೆಯನ್ನೇ ಆವಿಷ್ಕಾರದ ಅಳತೆಯಾಗಿ ಬಳಸುವುದು ಸರಿಯಲ್ಲ. ಮಂಜೂರಾದ ಪೇಟೆಂಟುಗಳಲ್ಲಿ ಬಹಳಷ್ಟು ಉತ್ಪಾದನೆಯ ಹಂತಕ್ಕೆ ಬರುವುದಿಲ್ಲ.

ಕೋವಿಡ್ ಸಂದರ್ಭದಲ್ಲಿ ಲಸಿಕೆ ಮತ್ತು ಔಷಧಿಗಳ ಮೇಲಿನ ಇಂಥ ಹಕ್ಕುಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ವಿಶ್ವ ವ್ಯಾಪಾರ ಸಂಘಟನೆಯನ್ನು ಭಾರತ ಮತ್ತು ದಕ್ಷಿಣ ಆಫ್ರಿಕ 2020ರ ಅಕ್ಟೋಬರ್‌ನಲ್ಲಿ ಕೇಳಿದವು. ಲಸಿಕೆಗಳಿಗಷ್ಟೇ ಸೀಮಿತವಾದ ನಿರ್ಣಯ ಹೊರಬಿದ್ದದ್ದು 2022ರ ಜೂನ್‌ನಲ್ಲಿ.

ಈಗಿನ ಮುಖ್ಯ ವಿವಾದ ಕೃತಕ ಬುದ್ಧಿಮತ್ತೆಯದು. ಅದನ್ನು ತರಬೇತುಗೊಳಿಸಲು ಅನುಮತಿಯಿಲ್ಲದೆ ಬರಹಗಳನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು 2024ರಲ್ಲಿ ಸುದ್ದಿಸಂಸ್ಥೆ ಎಎನ್‌ಐ, ಓಪನ್‌ಎಐ ವಿರುದ್ಧದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ಮುಂದಿಟ್ಟಿತು. ಕಂಪ್ಯೂಟರ್ ಮೂಲಕ ಉಂಟಾದ ಕೃತಿಗೆ, ಅದು ಉಂಟಾಗಲು ಕಾರಣರಾದ ವ್ಯಕ್ತಿಯೇ ಕರ್ತೃ ಎಂದು ಭಾರತದ ಹಕ್ಕುಸ್ವಾಮ್ಯ ಕಾಯಿದೆ ಹೇಳುತ್ತದೆ. ಪೇಟೆಂಟ್ ಅರ್ಜಿಯಲ್ಲಿ ಯಂತ್ರವನ್ನು ಆವಿಷ್ಕಾರಕನೆಂದು ಹೆಸರಿಸುವಂತಿಲ್ಲ ಎಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2022ರಲ್ಲೂ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರಲ್ಲೂ ತೀರ್ಪು ನೀಡಿವೆ.